ಕೆ.ಎಸ್. ಅಂದರೆ ಕರ್ನಾಟಕ ಸ್ಟೇಟ್ ಅಲ್ಲ: ಸದಾಶಿವನಗರದ ಜನಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಸದಾಶಿವನಗರದಲ್ಲಿ ಮನೆ ಮಾಡಿರುವ ಶಾಸಕರು, ಸಂಸದರು, ಸಚಿವರು, ಮಾಜಿಗಳು ಮತ್ತು ಮುಂದೆ ಇವೆಲ್ಲ ಆಗಲಿರುವವರಿಗೆ,

ಮಾನ್ಯರೇ,

ನಮಸ್ಕಾರ. ನಾನು ಮಂಗಳೂರಿನವಳು. 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಪಾಠ ಮಾಡಿ ನಿವೃತ್ತಳಾದವಳು. ನಿಮ್ಮಲ್ಲಿ ಒಬ್ಬರ ಪರಿಚಯವೂ ನನಗಿಲ್ಲ. ನನಗೆ ಯಾರ ವರ್ಗಾವಣೆಯೂ ಆಗಬೇಕಿಲ್ಲ, ಸೈಟೂ ಬೇಕಿಲ್ಲ. ನಿಮ್ಮ ಮನೆಯ ವಿಳಾಸದ ಬಗ್ಗೆ ಸ್ವಲ್ಪ ಮಾತಾಡಲಿಕ್ಕಿದೆ, ಅಷ್ಟೇ.

ಮೊದಲು ನನ್ನ ಊರಿನ ಕಥೆ ಹೇಳುತ್ತೇನೆ. ಹಂಪನಕಟ್ಟೆಯಿಂದ ನವಭಾರತ ಸರ್ಕಲ್ ಕಡೆ ಹೋಗುವ ರಸ್ತೆಯನ್ನು ಮಂಗಳೂರಿನಲ್ಲಿ ಎಲ್ಲರೂ ಕೆ.ಎಸ್. ರಾವ್ ರೋಡ್ ಅನ್ನುತ್ತಾರೆ. ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಮಾಲ್, ಮಧ್ಯೆ ಜನ. ಮಳೆಗಾಲದಲ್ಲಿ ಕೊಡೆ ಹಿಡಿದು ಆ ರಸ್ತೆ ದಾಟುವುದೇ ಒಂದು ಸಾಹಸ. ಎಂಟನೇ ಕ್ಲಾಸಿನಲ್ಲಿ ಒಮ್ಮೆ ಸ್ವಾತಂತ್ರ್ಯ ಹೋರಾಟದ ಪಾಠ ನಡೆಯುತ್ತಿತ್ತು. ಮಕ್ಕಳ ನಿದ್ದೆ ಬಿಡಿಸಲಿಕ್ಕೆ ಸುಮ್ನೆ ಕೇಳಿದೆ, "ಕೆ.ಎಸ್. ರಾವ್ ಅಂದರೆ ಯಾರು?"

ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. "ಕೆ.ಎಸ್. ಅಂದ್ರೆ ಕರ್ನಾಟಕ ಸ್ಟೇಟ್ ಟೀಚರ್. ಕೆಎಸ್‌ಆರ್‌ಟಿಸಿಯಲ್ಲಿ ಇದೆಯಲ್ಲ, ಹಾಗೆ."

"ಹಾಗಾದರೆ ರಾವ್?"

"ಅದು ಡ್ರೈವರ್‌ನ ಹೆಸರು ಇರ್ಬೇಕು."

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತು ಊಟದ ಬುತ್ತಿ ಬಿಚ್ಚಿದಾಗ ಮಾತ್ರ ಸ್ವಲ್ಪ ನಾಚಿಕೆಯಾಯಿತು. ಕಾರ್ನಾಡ್ ಸದಾಶಿವ ರಾವ್ ಅನ್ನುವ ಪೂರ್ತಿ ಹೆಸರು ನನಗೆ ಗೊತ್ತಿತ್ತು. ಸ್ವಾತಂತ್ರ್ಯ ಹೋರಾಟಗಾರರು ಅಂತಲೂ ಗೊತ್ತಿತ್ತು. ಅದರ ಮುಂದೆ? ನಾಲ್ಕು ವಾಕ್ಯ ಹೇಳು ಅಂದಿದ್ದರೆ ನನಗೂ ಆ ಹುಡುಗನಿಗೂ ಅಂಥಾ ವ್ಯತ್ಯಾಸ ಇರಲಿಲ್ಲ. ಇಷ್ಟಕ್ಕೂ ಅವತ್ತು ಬೆಳಗ್ಗೆ ಶಾಲೆಗೆ ಬಂದದ್ದು ಅದೇ ರಸ್ತೆಯಲ್ಲಿ.

ಈಗ ನಿಮ್ಮ ಊರಿಗೆ ಬರುತ್ತೇನೆ. ಮಗಳ ಮನೆ ಮಲ್ಲೇಶ್ವರದಲ್ಲಿದೆ. ವರ್ಷಕ್ಕೆ ಎರಡು ಮೂರು ತಿಂಗಳು ಅಲ್ಲಿರುತ್ತೇನೆ. ಬೆಳಗ್ಗೆ ಸ್ಯಾಂಕಿ ಕೆರೆಗೆ ವಾಕಿಂಗ್ ಹೋಗುವುದು ಅಭ್ಯಾಸ. ಒಂದು ದಿನ ಕೆರೆಯ ಸುತ್ತು ಮುಗಿಸಿ ಹಾಗೇ ನಿಮ್ಮ ಬಡಾವಣೆಯ ಒಳಗೆ ನಡೆದೆ. ದೊಡ್ಡ ಮರಗಳು, ಎತ್ತರದ ಕಾಂಪೌಂಡುಗಳು, ಗೇಟಿನ ಪಕ್ಕ ಪೊಲೀಸರ ಪುಟ್ಟ ಗೂಡು. ಎಷ್ಟು ಶಾಂತ ಅಂದರೆ ನನ್ನ ಚಪ್ಪಲಿ ಸದ್ದು ನನಗೇ ಕೇಳುತ್ತಿತ್ತು. ಟೀಚರ್ ಚಾಳಿ, ಅಲ್ಲೂ ಪ್ರಶ್ನೆ ಕೇಳಿದೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ಹೇಳಿದರು, "ಸದಾಶಿವ ಅಂದರೆ ಶಿವ ಅಲ್ವಾ? ಇಲ್ಲೆಲ್ಲೋ ಹಳೇ ಈಶ್ವರನ ಗುಡಿ ಇತ್ತೇನೋ." ಇಸ್ತ್ರಿ ಗಾಡಿಯವನ ಉತ್ತರ ಬೇರೆ. "ಯಾರೋ ಎಂಎಲ್‌ಎ ಹೆಸರಿರಬೇಕಮ್ಮ. ಇಲ್ಲಿ ಇರೋರೆಲ್ಲ ಅವರೇ ತಾನೆ." ಮೂರನೆಯವರು ಕಾರ್ನಾಡ್ ಅಂದ ತಕ್ಷಣ, "ಓ, ಗಿರೀಶ್ ಕಾರ್ನಾಡ್!" ಅಂದರು.

ನಿಜ ಹೇಳಬೇಕೆಂದರೆ ಇಸ್ತ್ರಿಯವನೇ ಹತ್ತಿರ ಬಂದಿದ್ದ. ಅದು ಒಬ್ಬ ರಾಜಕಾರಣಿಯ ಹೆಸರೇ. ಆದರೆ ನೀವು ಈಗ ಅಂದುಕೊಳ್ಳುವ ಥರದ ರಾಜಕಾರಣಿ ಅಲ್ಲ. ಮೊದಲು ಪ್ಯಾಲೇಸ್ ಆರ್ಚರ್ಡ್ಸ್ ಅನ್ನುತ್ತಿದ್ದ ಈ ಬಡಾವಣೆಗೆ 1960ರ ದಶಕದಲ್ಲಿ ಅದೇ ಕಾರ್ನಾಡ್ ಸದಾಶಿವ ರಾಯರ ಹೆಸರಿಟ್ಟರು. ಇಟ್ಟವರ ಮನಸ್ಸು ದೊಡ್ಡದು. ಏಕೆಂದರೆ ರಾಯರು ಬದುಕಿದ್ದಾಗ ಬೆಂಗಳೂರು ಅವರ ರಾಜ್ಯವೇ ಆಗಿರಲಿಲ್ಲ. ಅದು ಮೈಸೂರು ಅರಸರ ಸಂಸ್ಥಾನ. ನಮ್ಮ ದಕ್ಷಿಣ ಕನ್ನಡ ಆಗ ಸೌತ್ ಕೆನರಾ, ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. ಸರಕಾರಿ ಕಾಗದವೆಲ್ಲ ಮದ್ರಾಸಿಗೆ ಹೋಗಬೇಕು, ಮದ್ರಾಸಿನಿಂದ ಬರಬೇಕು. 1956ರವರೆಗೂ ಹೀಗೇ.

ರಾಯರು ಹುಟ್ಟಿದ್ದು 1881ರಲ್ಲಿ, ಮಂಗಳೂರಿನಲ್ಲಿ. ತಂದೆ ರಾಮಚಂದ್ರ ರಾವ್, ತಾಯಿ ರಾಧಾಬಾಯಿ. ಅನುಕೂಲಸ್ಥ ಸಾರಸ್ವತ ಕುಟುಂಬ. ಅನುಕೂಲಸ್ಥ ಅಂದರೆ ಸ್ವಲ್ಪ ಅಲ್ಲ, ಜಾಸ್ತಿಯೇ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. ಕಾನೂನು ಪಾಸು ಮಾಡಿ ಊರಿಗೆ ಬಂದು ವಕೀಲರಾದರು. ಅಷ್ಟಕ್ಕೇ ನಿಂತಿದ್ದರೆ ಅವರ ಕಥೆ ಆರಾಮದ ಕಥೆ. ಕೋರ್ಟು, ಕಕ್ಷಿದಾರರು, ಗೇಣಿ ಅಕ್ಕಿ, ಸಂಜೆ ಕ್ಲಬ್ಬು. ಆ ಕಾಲದ ಮಂಗಳೂರಿನ ದೊಡ್ಡ ವಕೀಲರ ಬದುಕು ಹೀಗೇ ಇರುತ್ತಿತ್ತು.

ಅವರು ಮೊದಲು ಕೈ ಹಾಕಿದ್ದು ಊರಿನ ಹೆಂಗಸರ ಕಷ್ಟಕ್ಕೆ. ಹೆಂಡತಿ ಶಾಂತಾಬಾಯಿಯವರ ಜೊತೆ ಸೇರಿ ಮಹಿಳಾ ಸಭಾ ಶುರು ಮಾಡಿದರು. ಮುಖ್ಯವಾಗಿ ವಿಧವೆಯರಿಗೆ. ಈಗ ಇದನ್ನು ಓದಿದರೆ ಏನು ದೊಡ್ಡದು ಅನ್ನಿಸಬಹುದು. ಆಗಿನ ದೊಡ್ಡ ಮನೆಗಳಲ್ಲಿ ವಿಧವೆ ಅಂದರೆ ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು, ಅಡುಗೆಮನೆಯ ಹಿಂದಿನ ಕತ್ತಲಲ್ಲಿ ಕೂತವಳು. ಮದುವೆ ಮನೆಗೆ ಎದುರು ಬರಬಾರದು. ಅಂಥವರನ್ನು ಹೊಸಿಲು ದಾಟಿಸಿ, ಒಂದು ಕಡೆ ಸೇರಿಸಿ, ಕೈಗೊಂದು ಕೆಲಸ, ಕಣ್ಣಿಗೊಂದು ಅಕ್ಷರ ಕೊಡಬೇಕು ಅಂದರೆ ಮೊದಲು ಸ್ವಂತ ನೆಂಟರ ಬಾಯಿಗೇ ಬೀಳಬೇಕು. ಕಚೇರಿಯಲ್ಲಿ ಬ್ರಿಟಿಷ್ ಕಲೆಕ್ಟರನ ಎದುರು ನಿಲ್ಲುವುದಕ್ಕಿಂತ ಮದುವೆ ಚಪ್ಪರದಲ್ಲಿ ದೊಡ್ಡಮ್ಮನ ಎದುರು ನಿಲ್ಲುವುದು ಕಷ್ಟ. ಇದು ನನ್ನ ಅನುಭವದ ಮಾತು.

ಶಾಂತಾಬಾಯಿಯವರ ಬಗ್ಗೆ ಯಾರೂ ಜಾಸ್ತಿ ಬರೆದಿಲ್ಲ. ರಾಯರ ಹೆಸರಾದರೂ ಒಂದು ರಸ್ತೆಯಲ್ಲಿ, ಒಂದು ಬಡಾವಣೆಯಲ್ಲಿ ಉಳಿದಿದೆ. ಅವರ ಹೆಸರು? ಈ ಮಾತಿಗೆ ಆಮೇಲೆ ಬರುತ್ತೇನೆ.

ಅದೇ ಊರಿನ ಇನ್ನೊಂದು ವಿಷಯ ನಡುವೆ ಹೇಳಿಬಿಡುತ್ತೇನೆ, ಆಗಿನ ಮಂಗಳೂರು ಎಂಥಾ ಊರು ಅಂತ ನಿಮಗೆ ತಿಳಿಯಲಿ. ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ಕಟ್ಟಿ, ಜಾತಿಯವರಿಂದ ಬಹಿಷ್ಕಾರ ತಿಂದದ್ದು ಇದೇ ಊರಿನಲ್ಲಿ. ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದ್ದೂ ಇಲ್ಲೇ. 1926ರಲ್ಲಿ ಅವರು ಮದ್ರಾಸ್ ಶಾಸನ ಸಭೆಯ ಚುನಾವಣೆಗೆ ನಿಂತರು. ದೇಶದಲ್ಲಿ ಹೆಂಗಸೊಬ್ಬಳು ಹೀಗೆ ನಿಂತದ್ದು ಅದೇ ಮೊದಲು ಅನ್ನುತ್ತಾರೆ. ಸೋತದ್ದು 55 ಮತಗಳಿಂದ. ಆಗ ಮತ ಹಾಕುವ ಹಕ್ಕು ಎಲ್ಲರಿಗೂ ಇರಲಿಲ್ಲ. ಆಸ್ತಿ ಇರಬೇಕು, ತೆರಿಗೆ ಕಟ್ಟುತ್ತಿರಬೇಕು. ಕೂಲಿಯವನಿಗೆ, ಗೇಣಿ ಒಕ್ಕಲಿನ ಹೆಂಗಸಿಗೆ ಮತ ಎಲ್ಲಿಯದು? ಅವರಿಗೂ ಮತ ಇದ್ದಿದ್ದರೆ ಆ 55 ಯಾವ ಲೆಕ್ಕ ಮಾರಾಯ್ರೆ.

ಆಸ್ತಿ ಇದ್ದವರ ಆ ರಾಜಕೀಯದೊಳಗೆ ಆಸ್ತಿ ಇದ್ದ ಈ ಸದಾಶಿವ ರಾಯರು ಬಂದರು. ಬಂದು ಉಲ್ಟಾ ಕೆಲಸ ಮಾಡಿದರು.

1919ರಲ್ಲಿ, ವಿಚಾರಣೆ ಇಲ್ಲದೆ ಜೈಲಿಗೆ ಹಾಕಲು ಬಿಡುವ ರೌಲತ್ ಕಾಯ್ದೆಯ ವಿರುದ್ಧ ಗಾಂಧೀಜಿ ಸತ್ಯಾಗ್ರಹದ ಪ್ರತಿಜ್ಞೆಗೆ ಕರೆ ಕೊಟ್ಟಾಗ ಕರ್ನಾಟಕದಿಂದ ಮೊದಲು ಮುಂದೆ ಬಂದವರು ಇವರು ಅನ್ನುವ ಹೆಸರಿದೆ. 1920ರ ಆಗಸ್ಟ್‌ನಲ್ಲಿ ಗಾಂಧೀಜಿ ಖಿಲಾಫತ್ ಚಳವಳಿಯ ನಾಯಕ ಶೌಕತ್ ಅಲಿಯವರ ಜೊತೆ ಮಂಗಳೂರಿಗೆ ಬಂದರು. ಸರಕಾರಿ ಶಾಲೆ ಬಿಡಿ, ಕೋರ್ಟು ಬಿಡಿ, ವಿದೇಶಿ ಬಟ್ಟೆ ಬಿಡಿ ಅಂದರು. ಆ ಮಾತು ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋದವರು ಬಹಳ ಮಂದಿ ಇದ್ದಿರಬೇಕು, ಯಾವಾಗಲೂ ಇರುತ್ತಾರೆ. ರಾಯರು ವಕೀಲಿಕೆ ಬಿಟ್ಟರು. ಶಾಲೆ ಬಿಟ್ಟ ಮಕ್ಕಳು ಬೀದಿಯಲ್ಲಿ ನಿಲ್ಲಬಾರದಲ್ಲ, ಅದಕ್ಕೆ ತಿಲಕ್ ವಿದ್ಯಾಲಯ ಅಂತ ರಾಷ್ಟ್ರೀಯ ಶಾಲೆ ನಡೆಸಿದರು. ಅಲ್ಲಿ ಹಿಂದಿ, ನೂಲುವುದು, ನೇಯುವುದು. ಖರ್ಚು? ತಮ್ಮ ಜೇಬಿನಿಂದ.

ಈ ಜೇಬಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನೀವೂ ಪಕ್ಷ ನಡೆಸುವವರು, ನಿಮಗೆ ಗೊತ್ತು. ಪಕ್ಷ ಅಂದರೆ ಆಫೀಸಿನ ಬಾಡಿಗೆ, ಕರಪತ್ರ, ಬಂದವರಿಗೆ ಊಟ, ಹೋಗುವವರಿಗೆ ಬಸ್ ಚಾರ್ಜು. ಆಗಿನ ಕಾಂಗ್ರೆಸ್ಸಿನ ಸದಸ್ಯತ್ವ ನಾಲ್ಕಾಣೆ. ನಾಲ್ಕಾಣೆಯಿಂದ ಜಿಲ್ಲೆಯಲ್ಲಿ ಚಳವಳಿ ನಡೆಯುತ್ತದಾ? ಜೈಲಿಗೆ ಹೋದವನ ಮನೆಯಲ್ಲಿ ಅಕ್ಕಿ ಮುಗಿದರೆ ಯಾರು ಕೊಡಬೇಕು? ಹಳ್ಳಿಯಿಂದ ಬಂದ ಕಾರ್ಯಕರ್ತ ರಾತ್ರಿ ಎಲ್ಲಿ ಮಲಗಬೇಕು? ಮಂಗಳೂರಿನಲ್ಲಿ ಇದಕ್ಕೆಲ್ಲ ಒಂದೇ ಉತ್ತರ ಇತ್ತು, ಸದಾಶಿವ ರಾಯರ ಮನೆ. ಕೇಳಿದವರಿಗೆ ಕೊಟ್ಟರು. ಕೇಳದವರಿಗೂ ಕೊಟ್ಟರು. ಭೂಮಿ ಹೋಯಿತು, ಹಣ ಹೋಯಿತು. ಶಾಂತಾಬಾಯಿಯವರೂ ಬೇಗ ತೀರಿಕೊಂಡರು. ರಾಯರು ಕೊಡುವುದನ್ನು ನಿಲ್ಲಿಸಲಿಲ್ಲ. ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಕಾನೂನು ಮುರಿದು ಜೈಲಿಗೂ ಹೋದರು. ಅಷ್ಟು ಹೊತ್ತಿಗೆ ಒಂದು ಕಾಲದ ಶ್ರೀಮಂತ ವಕೀಲ ಸಾಧಾರಣ ಖಾದಿಯ ಬಡವನಾಗಿದ್ದರು.

ಕೊನೆಯದು ಫೈಜ್‌ಪುರ. 1936ರ ಡಿಸೆಂಬರಿನಲ್ಲಿ ಈಗಿನ ಮಹಾರಾಷ್ಟ್ರದ ಖಾನ್‌ದೇಶದ ಆ ಹಳ್ಳಿಯಲ್ಲಿ ಕಾಂಗ್ರೆಸ್ ಅಧಿವೇಶನ ಆಯಿತು. ಕಾಂಗ್ರೆಸ್ಸು ಹಳ್ಳಿಯಲ್ಲಿ ಸೇರಿದ್ದು ಅದೇ ಮೊದಲ ಸಲ. ಜವಾಹರಲಾಲ್ ನೆಹರೂ ಅಧ್ಯಕ್ಷರು. ಬಿದಿರು, ತಟ್ಟಿಯಲ್ಲಿ ಇಡೀ ಊರು ಕಟ್ಟಿದ್ದರು. ನಂದಲಾಲ್ ಬೋಸ್ ಅಂಥ ಕಲಾವಿದರು ಅದನ್ನು ಅಲಂಕಾರ ಮಾಡಿದ್ದರು. ನೋಡಲಿಕ್ಕೆ ಚೆಂದ. ಆದರೆ ಡಿಸೆಂಬರಿನ ರಾತ್ರಿ, ತಟ್ಟಿಯ ಗೋಡೆ, 55 ದಾಟಿದ, ಜೈಲು ಕಂಡು ಬಂದ ದೇಹ. ಕರಾವಳಿಯ ನಮಗೆ ಒಣ ಚಳಿಯ ಅಭ್ಯಾಸವೂ ಇಲ್ಲ. ರಾಯರಿಗೆ ಅಲ್ಲಿ ಜ್ವರ ಹಿಡಿಯಿತು. ಮುಂಬೈಗೆ ಬಂದರು, ಮತ್ತೆ ಏಳಲಿಲ್ಲ. 1937ರ ಜನವರಿ 9ರಂದು ತೀರಿಕೊಂಡರು. ಆಸ್ತಿ ಅಂತ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಇನ್ನೂ ಒಂದು ತಿಂಗಳು ತಡೆದಿದ್ದರೆ ಚುನಾವಣೆ ನೋಡುತ್ತಿದ್ದರು. ಆ ವರ್ಷದ ಫೆಬ್ರುವರಿಯಲ್ಲಿ ಮದ್ರಾಸ್ ವಿಧಾನಸಭೆಯ 215 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 159 ಬಂತು. ಜುಲೈಯಲ್ಲಿ ರಾಜಾಜಿ ಸರಕಾರ ಮಾಡಿದರು. ಸಚಿವ ಸ್ಥಾನ, ಸಂಬಳ, ಸರಕಾರಿ ಕಾರು, ಎಲ್ಲ ಆಮೇಲೆ ಬಂದವು. ಬಿತ್ತನೆಗೆ ಬೀಜ ಕೊಟ್ಟವರು ಕೊಯ್ಲಿಗೆ ಇರಲಿಲ್ಲ.

ಮಾನ್ಯರೇ, 2002ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ ನೀವೆಲ್ಲ ನಾಮಪತ್ರದ ಜೊತೆ ಆಸ್ತಿಯ ಅಫಿಡವಿಟ್ಟು ಹಾಕುತ್ತೀರಿ. ಚುನಾವಣೆ ಬಂದಾಗ ಪೇಪರಿನಲ್ಲಿ ನಾನು ಮೊದಲು ಓದುವುದೇ ಅದನ್ನು. ಐದು ವರ್ಷದ ಹಿಂದೆ ಇಷ್ಟು, ಈಗ ಇಷ್ಟು. ಒಂದು ಸಲ ಮಗಳ ಮನೆಯಲ್ಲಿ ಮಧ್ಯಾಹ್ನ ಕೆಲಸ ಇಲ್ಲದೆ ಕೂತಿದ್ದಾಗ ಆ ಅಫಿಡವಿಟ್ಟಿನ ಫಾರಂ, ನಮೂನೆ 26ನ್ನು ರಾಯರ ಪರವಾಗಿ ತುಂಬಿ ನೋಡಿದೆ.

ಹೆಸರು: ಕಾರ್ನಾಡ್ ಸದಾಶಿವ ರಾವ್. ತಂದೆಯ ಹೆಸರು: ರಾಮಚಂದ್ರ ರಾವ್. ವಿದ್ಯೆ: ಪದವಿ, ಕಾನೂನು. ವೃತ್ತಿ: ಇತ್ತು, ಬಿಟ್ಟಿದ್ದೇನೆ. ಕ್ರಿಮಿನಲ್ ಪ್ರಕರಣ: ಇದೆ, ಉಪ್ಪಿನ ಕಾನೂನು ಮುರಿದದ್ದು. ಶಿಕ್ಷೆ ಆಗಿದೆಯೇ: ಆಗಿದೆ, ಅನುಭವಿಸಿದ್ದೇನೆ. ಬ್ಯಾಂಕ್ ಠೇವಣಿ: ಇಲ್ಲ. ಚಿನ್ನ: ಇಲ್ಲ. ಕೃಷಿ ಭೂಮಿ: ಇತ್ತು. ಪಿತ್ರಾರ್ಜಿತವೋ ಸ್ವಯಾರ್ಜಿತವೋ: ಪಿತ್ರಾರ್ಜಿತ, ಸ್ವಯಂ ಖರ್ಚು.

ಅಲ್ಲಿಗೆ ಪೆನ್ನು ಕೆಳಗಿಟ್ಟೆ. ಆ ನಮೂನೆಯಲ್ಲಿ ಆಸ್ತಿ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಎಲ್ಲಿಗೆ ಹೋಯಿತು ಅಂತ ಬರೆಯಲಿಕ್ಕೆ ಕಾಲಮ್ಮೇ ಇಲ್ಲ.

ನಿಮ್ಮನ್ನು ಚುಚ್ಚಲಿಕ್ಕೆ ಇದನ್ನು ಬರೆಯುತ್ತಿದ್ದೇನೆ ಅಂದುಕೊಂಡರೆ, ಸ್ವಲ್ಪ ಹೌದು. ಪೂರ್ತಿ ಅಲ್ಲ. ಎಲ್ಲ ರಾಜಕಾರಣಿಗಳೂ ಮನೆ ಮಾರಿ ಬೀದಿಗೆ ಬರಬೇಕು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಸುಲಭ, ನನ್ನ ಮನೆಯಂತೂ ನಾನು ಮಾರುವವಳಲ್ಲ. ಈ ಕಥೆಯನ್ನು ಕ್ಲಾಸಿನಲ್ಲಿ ಹೇಳಿದ ವರ್ಷ ಒಬ್ಬ ವಿದ್ಯಾರ್ಥಿನಿಯ ತಾಯಿ ಪೇರೆಂಟ್ಸ್ ಮೀಟಿಂಗಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು. ಮೀನು ಮಾರ್ಕೆಟ್ಟಿನಲ್ಲಿ ದುಡಿಯುವ ಹೆಂಗಸು. "ಟೀಚರ್, ಊರಿಗೆಲ್ಲ ಕೊಟ್ರು, ಸರಿ. ಮನೆಯವರಿಗೆ ಏನು ಇಟ್ರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಕೊಡುವವರ ಮನೆಯ ಅಡುಗೆಮನೆಯಲ್ಲಿ ನಿಂತು ನೋಡಿದರೆ ದಾನದ ಬಣ್ಣ ಬೇರೆಯೇ ಇರಬಹುದು. ಸಾರ್ವಜನಿಕ ಕೆಲಸಕ್ಕೆ ಒಬ್ಬ ಮನುಷ್ಯ ಹೀಗೆ ಬರಿದಾಗಬೇಕಾಗಿ ಬಂದದ್ದು ಊರಿನ ತಪ್ಪು ಕೂಡ. ಉಳಿದ ಶ್ರೀಮಂತರು ಸ್ವಲ್ಪ ಸ್ವಲ್ಪ ಬಿಚ್ಚಿದ್ದರೆ ಒಬ್ಬರೇ ಖಾಲಿ ಆಗುತ್ತಿರಲಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ರಾಜಕೀಯಕ್ಕೆ ಬಂದ ಮೇಲೆ ಆಸ್ತಿ ಕರಗಿದ ಮನುಷ್ಯನ ಹೆಸರು ಈಗ ಬೆಂಗಳೂರಿನ ಅತಿ ದುಬಾರಿ ಜಾಗಗಳಲ್ಲಿ ಒಂದರ ಮೇಲಿದೆ. ಅಲ್ಲಿ ಚದರ ಅಡಿಯ ರೇಟು ಕೇಳಿದರೆ ನನ್ನ ಪಿಂಚಣಿ ಹೆದರಿ ಓಡುತ್ತದೆ. ಇದು ಯಾರೊಬ್ಬರ ತಪ್ಪೂ ಅಲ್ಲ, ಗೊತ್ತು. ಕನಿಷ್ಠ ಅಲ್ಲಿರುವವರಿಗೆ ಇದು ಗೊತ್ತಿರಬೇಡವಾ?

ನಾನೇನೂ ಪ್ರಯತ್ನ ಮಾಡದೆ ನಿಮಗೆ ಬರೆಯುತ್ತಿಲ್ಲ. ಕೆಲವು ವರ್ಷದ ಹಿಂದೆ ರಸ್ತೆಯ ಬೋರ್ಡಿನಲ್ಲಿ ಪೂರ್ತಿ ಹೆಸರು ಬರೆಸಿ ಅಂತ ಒಂದು ಅರ್ಜಿ ಬರೆದುಕೊಂಡು ಒಂದು ಕಚೇರಿಗೆ ಹೋಗಿದ್ದೆ. ಯಾವ ಊರಿನ ಯಾವ ಕಚೇರಿ ಅಂತ ಹೇಳುವುದಿಲ್ಲ. ಅಲ್ಲಿನ ಗುಮಾಸ್ತರು ಒಳ್ಳೆಯವರೇ, ಕೂರಲು ಕುರ್ಚಿ ಕೊಟ್ಟರು. ಅರ್ಜಿ ಎರಡು ಸಲ ಓದಿದರು. ಆಮೇಲೆ ತಲೆ ಎತ್ತಿ, "ಇವರ ಕಡೆಯವರು ಯಾರಾದ್ರೂ ಇದ್ದಾರಾ ಮೇಡಂ? ಸಂಘ, ಟ್ರಸ್ಟು, ಸಮಾಜದವರು?" ಅಂದರು. ನಾನು ಇಲ್ಲ ಅಂದೆ. "ನೀವು ಅವರಿಗೆ ಏನಾಗಬೇಕು?" ಏನೂ ಆಗಬೇಕಿಲ್ಲ ಅಂದೆ. ಅವರಿಗೆ ನಿಜವಾಗಿಯೂ ಅರ್ಥ ಆಗಲಿಲ್ಲ. ಸಂಬಂಧ ಇಲ್ಲದವಳು ಯಾಕೆ ಕೇಳುತ್ತಾಳೆ? ಅರ್ಜಿಗೆ ಸೀಲು ಹಾಕಿ ಪ್ರತಿ ಕೊಟ್ಟರು. ಆ ಪ್ರತಿ ನನ್ನ ಕಪಾಟಿನಲ್ಲಿ, ರೇಷನ್ ಕಾರ್ಡಿನ ಜೊತೆ ಇದೆ.

ಅವರ ಪ್ರಶ್ನೆಯ ಬಗ್ಗೆ ಬಹಳ ಯೋಚನೆ ಮಾಡಿದೆ. "ಇವರ ಕಡೆಯವರು ಯಾರು?" ಈಗ ಹೆಸರು ಉಳಿಯಬೇಕಾದರೆ ಹಿಂದೆ ಒಂದು ಕಡೆ ಬೇಕು. ಜಾತಿಯ ಕಡೆ, ಪಕ್ಷದ ಕಡೆ, ಮಕ್ಕಳು ಮೊಮ್ಮಕ್ಕಳ ಕಡೆ. ಜಯಂತಿಗೆ ಹಾರ ಹಾಕಲಿಕ್ಕೆ, ಫ್ಲೆಕ್ಸು ಕಟ್ಟಲಿಕ್ಕೆ, ಮತ ಎಣಿಸಿ ತೋರಿಸಲಿಕ್ಕೆ ಜನ ಬೇಕು. ಎಲ್ಲವನ್ನೂ ಎಲ್ಲರಿಗೂ ಹಂಚಿದವರಿಗೆ ಯಾವ ಕಡೆ? ಅದಕ್ಕೇ ಇರಬೇಕು, ಅವರ ಹೆಸರು ಎರಡು ಇನಿಷಿಯಲ್ಲಿಗೆ ಇಳಿಯಿತು. ಕುದ್ಮುಲ್ ರಂಗರಾಯರ ಹೆಸರು ನಮ್ಮ ಪುರಭವನಕ್ಕೆ ಪೂರ್ತಿಯಾಗಿ ಬಂತು, ಅದನ್ನು ನೋಡಿದಾಗಲೆಲ್ಲ ಖುಷಿಯಾಗುತ್ತದೆ. ಹಾಗಾಗಿ ಆಗದ ಕೆಲಸವೇನೂ ಅಲ್ಲ ಇದು.

ಅದಕ್ಕೆ ಈ ಪತ್ರ ನಿಮಗೆ. ನೀವೇ ಅವರ ಕಡೆಯವರು ಅಂತ ನಾನು ತೀರ್ಮಾನ ಮಾಡಿದ್ದೇನೆ. ಬೇಡ ಅಂದರೂ ಬಿಡುವುದಿಲ್ಲ. ಅವರ ಹೆಸರಿನಲ್ಲಿ ನಿಮಗೆ ದಿನಾ ಕಾಗದ ಬರುತ್ತದೆ, ಕೊರಿಯರ್ ಬರುತ್ತದೆ, ಮದುವೆ ಕರೆಯೋಲೆ ಬರುತ್ತದೆ. ಕರೆಂಟ್ ಬಿಲ್ಲಿನ ಮೇಲೆ ಅವರ ಹೆಸರಿದೆ. ನಿಮ್ಮ ಅಫಿಡವಿಟ್ಟಿನಲ್ಲಿ ವಿಳಾಸದ ಜಾಗದಲ್ಲೂ ಅವರೇ ಇದ್ದಾರೆ. ಇಷ್ಟು ಹತ್ತಿರದ ಸಂಬಂಧ ಇನ್ಯಾರಿಗಿದೆ?

ನನ್ನ ಕೋರಿಕೆ ದೊಡ್ಡದಲ್ಲ. ಪ್ರತಿಮೆ ಬೇಡ. ಪ್ರತಿಮೆ ಮಾಡಿದರೆ ಅದಕ್ಕೊಂದು ಸಮಿತಿ, ಆ ಸಮಿತಿಗೊಂದು ಜಗಳ. ಕಾಗೆಗಳಿಗೆ ಮಾತ್ರ ಅನುಕೂಲ. ನಿಮ್ಮ ಬಡಾವಣೆಯ ಒಳಗೆ ಬರುವ ಮುಖ್ಯ ರಸ್ತೆಗಳಲ್ಲಿ, ಕಣ್ಣಿನ ಎತ್ತರಕ್ಕೆ, ಓದಲಿಕ್ಕೆ ಆಗುವ ಕನ್ನಡದಲ್ಲಿ ಒಂದೊಂದು ಫಲಕ ಹಾಕಿಸಿ. ಅಂಥದ್ದು ಈಗಾಗಲೇ ಎಲ್ಲಾದರೂ ಇದ್ದರೆ ಅದು ನನ್ನ ಕಣ್ಣಿಗೆ ಬೀಳಲಿಲ್ಲ, ಕ್ಷಮಿಸಿ. ಇಸ್ತ್ರಿಯವನ ಕಣ್ಣಿಗೂ ಬಿದ್ದಿರಲಿಲ್ಲ. ಏನು ಬರೆಸಬೇಕು ಅಂತಲೂ ನಾನೇ ಹೇಳುತ್ತೇನೆ: "ಕಾರ್ನಾಡ್ ಸದಾಶಿವ ರಾವ್, 1881–1937. ಮಂಗಳೂರಿನ ವಕೀಲರು, ಕಾಂಗ್ರೆಸ್ ನಾಯಕರು. ಹೆಂಡತಿ ಶಾಂತಾಬಾಯಿಯವರೊಂದಿಗೆ ಮಹಿಳಾ ಸಭಾ ಕಟ್ಟಿದರು. ಇದ್ದದ್ದನ್ನೆಲ್ಲ ಸಾರ್ವಜನಿಕ ಕೆಲಸಕ್ಕೆ ಕೊಟ್ಟರು." ಇಷ್ಟೇ. ಶಾಂತಾಬಾಯಿಯವರ ಹೆಸರನ್ನು ಜಾಗ ಸಾಲಲಿಲ್ಲ ಅಂತ ಬಿಡಬೇಡಿ. ಜಾಗ ಸಾಲದಿದ್ದರೆ "ವಕೀಲರು" ಬಿಡಿ, ಅದನ್ನು ಅವರೇ ಬಿಟ್ಟಿದ್ದರು. ನಿಮ್ಮ ಅನುದಾನದ ಹಣದಲ್ಲಿ ಇದು ಮೂಗಿಗೆ ನಶ್ಯದಷ್ಟೂ ಅಲ್ಲ. ಆದರೆ ಫಲಕದ ಕೆಳಗೆ "ಇಂಥವರ ಅನುದಾನದಲ್ಲಿ" ಅಂತ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬರೆಸುವ ಪದ್ಧತಿ ಇದೆಯಲ್ಲ, ದಯವಿಟ್ಟು ಇಲ್ಲಿ ಬೇಡ.

ಇನ್ನೊಂದು. ಹೊಸದಾಗಿ ಗೆದ್ದ ಶಾಸಕರಿಗೆ ತರಬೇತಿ ಶಿಬಿರ ಮಾಡುತ್ತೀರಿ. ಪ್ರಶ್ನೆ ಕೇಳುವುದು ಹೇಗೆ, ಮಸೂದೆ ಓದುವುದು ಹೇಗೆ ಅಂತ ಹೇಳಿಕೊಡುತ್ತೀರಿ. ಒಳ್ಳೆಯದು. ಅದರಲ್ಲಿ ಒಂದು ಗಂಟೆ ಈ ಮನುಷ್ಯನ ಬಗ್ಗೆ ಯಾರಿಂದಲಾದರೂ ಮಾತಾಡಿಸಿ. ಹೊಗಳಿಕೆಯ ಭಾಷಣ ಬೇಡ. ಮೀನು ಮಾರುವ ಆ ತಾಯಿಯ ಪ್ರಶ್ನೆಯೂ ಅಲ್ಲಿ ಬರಲಿ. ಮದ್ರಾಸ್ ಪ್ರಾಂತ್ಯದ ಮೂಲೆಯ ಒಂದು ಜಿಲ್ಲೆಯಲ್ಲಿ ಪಕ್ಷ ಕಟ್ಟಲು ಹಣ ಎಲ್ಲಿಂದ ಬಂತು, ಯಾರು ಕೊಟ್ಟರು, ಕೊಟ್ಟವರು ವಾಪಸ್ ಏನು ಕೇಳಿದರು ಅಂತ ಹೊಸಬರು ಯೋಚಿಸಲಿ. ಈಗ ಅವರ ಚುನಾವಣೆಗೆ ಹಣ ಹಾಕಿದವರು ಏನು ಕೇಳುತ್ತಾರೆ ಅನ್ನುವುದು ಅವರಿಗೆ ಆಗಲೇ ಗೊತ್ತಿರುತ್ತದೆ. ಹೋಲಿಸಿ ನೋಡಲಿಕ್ಕೆ ಒಂದು ಎದುರು ಉದಾಹರಣೆ ಇರಲಿ ಅಂತ.

ನಮ್ಮೂರಿನ ರಸ್ತೆಯ ಬೋರ್ಡಿಗೆ ನಾನು ಇನ್ನೊಮ್ಮೆ ಅರ್ಜಿ ಹಾಕುತ್ತೇನೆ. ಅದು ನನ್ನ ಪಾಲಿನ ಕೆಲಸ. ಈ ಸಲ "ಇವರ ಕಡೆಯವರು ಯಾರು" ಅಂತ ಕೇಳಿದರೆ ನಿಮ್ಮೆಲ್ಲರ ವಿಳಾಸ ಕೊಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಜನವರಿ 9ಕ್ಕೆ ನಾನು ಬೆಂಗಳೂರಿನಲ್ಲೇ ಇರುತ್ತೇನೆ. ಅಷ್ಟರೊಳಗೆ ಫಲಕ ಬಂದಿದ್ದರೆ ಸಂತೋಷ, ನಿಂತು ಓದಿಕೊಂಡು ಮನೆಗೆ ಹೋಗುತ್ತೇನೆ. ಬಂದಿಲ್ಲದಿದ್ದರೆ ಆ ನಾಲ್ಕು ಸಾಲನ್ನು ಡ್ರಾಯಿಂಗ್ ಶೀಟಿನಲ್ಲಿ ಬರೆದು ತರುತ್ತೇನೆ. ನನ್ನ ಅಕ್ಷರ ಚೆನ್ನಾಗಿದೆ, 31 ವರ್ಷ ಬೋರ್ಡಿನ ಮೇಲೆ ಬರೆದದ್ದು. ನಿಮ್ಮಲ್ಲಿ ಯಾರಾದರೂ ಒಬ್ಬರು, ಯಾವ ಪಕ್ಷದವರಾದರೂ ಸರಿ, ಅವತ್ತೊಂದು ದಿನ ಅದನ್ನು ನಿಮ್ಮ ಕಾಂಪೌಂಡಿನ ಹೊರಗಿನ ಗೋಡೆಗೆ ಅಂಟಿಸಲು ಬಿಡಬೇಕು. ಮೈದಾ ಅಂಟು ಹಾಕುವುದಿಲ್ಲ, ಪೇಂಟು ಹಾಳಾಗದ ಟೇಪು ತರುತ್ತೇನೆ. ಗೇಟಿನ ಪೊಲೀಸರಿಗೆ ಮಾತ್ರ ಮೊದಲೇ ಹೇಳಿಟ್ಟಿರಿ.

ಇತಿ,
ತಮ್ಮ ವಿಶ್ವಾಸಿ,
ಮಂಗಳೂರಿನ ಒಬ್ಬ ನಿವೃತ್ತ ಶಿಕ್ಷಕಿ